ಸಿಂಹದ ಕಡೆಯವರ ಮೀಸೆ

ನಮ್ಮಲ್ಲಿ ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ನಮ್ಮವರ ಹೆಸರು ಅವ್ವಣ್ಣ. ಊರು ಗುಳೇದಗುಡ್ಡ. ಕೆಲಸ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ, ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ ತೂಕ ಹಾಕುವುದು. ಅಲ್ಲಿ ಅದಕ್ಕೆ ತೋಲಾರ್ ಅನ್ನುತ್ತಾರೆ.

ಅವರಿಗೆ ಒಂದು ಚಟ ಇತ್ತು. ಕಂಡದ್ದನ್ನೆಲ್ಲ ಕಣ್ಣಲ್ಲೇ ತೂಗುವುದು. ಎಮ್ಮೆ ಕಂಡರೆ ಎಮ್ಮೆಯ ತೂಕ, ಫೌಜದಾರ ಕಂಡರೆ ಫೌಜದಾರನ ತೂಕ. ನನ್ನನ್ನು ನೋಡಲು ಬಂದ ದಿನ ಚಹಾ ಕೊಟ್ಟು ಕೂತೆ. ಹಿರಿಯರು, "ಹುಡುಗಿಗೆ ಏನರ ಕೇಳೂದಿದ್ರ ಕೇಳಪ್ಪಾ," ಅಂದರು. ಇವರು ಒಮ್ಮೆ ನೋಡಿ, "ನಲವತ್ತೊಂದು ಕಿಲೋ. ಸೀರಿ ಕಳದು," ಅಂದರು.

ನಮ್ಮಪ್ಪ ಎದ್ದು ನಿಂತ. ಇವರ ಕಾಕಾ ಕೈ ಮುಗಿದು, "ತಪ್ಪು ತಿಳೀಬ್ಯಾಡ್ರಿ, ಅದು ಬಾರದಾನದ ಲೆಕ್ಕ," ಅಂತ ತಿಳಿಸಿ ಹೇಳಬೇಕಾಯಿತು. ಬಾರದಾನ ಅಂದರೆ ಖಾಲಿ ಚೀಲದ ತೂಕ. ಚೀಲದ ಸಮೇತ ತೂಗಿ, ಆಮೇಲೆ ಅದನ್ನು ಕಳೆಯಬೇಕು. ಕಳೆಯದವನು ಕಳ್ಳ. ನಮ್ಮವರು ಒಂದು ದಿನವೂ ಕಳೆಯದೆ ಬಿಟ್ಟವರಲ್ಲ. ಮದುವೆಯಾಗಿ ಪುಣೆಗೆ ಬಂದ ಮೇಲೆ ಯಾರ್ಡಿನ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿ ತೂಗಿದರು. ಸೀರೆ ಕಳೆದು ನಲವತ್ತೊಂದೂವರೆ ಬಂತು. "ಅರ್ಧ ಕಿಲೋ ಬಳಿ, ತಾಳಿ," ಅಂದರು.

ಇನ್ನೊಂದು, ಅವರ ಮೀಸೆ. ಆ ಮುಖದಲ್ಲಿ ಮೂಗು ತಕ್ಕಡಿಯ ಮುಳ್ಳು, ಮೀಸೆ ದಂಡಿ. ಎರಡೂ ಕಡೆ ಸಮ. ದಿನಾ ಮುಂಜಾನೆ ಕನ್ನಡಿ ಮುಂದೆ ನಿಂತು ಒಂದು ಕೂದಲು ಹೆಚ್ಚಾದರೂ ಕತ್ತರಿಸುತ್ತಿದ್ದರು. ಅವರ ಮೇಲಿನ ತುಟಿ ಹೇಗಿದೆ ಅಂತ ಮದುವೆಯಾಗಿ ಎಷ್ಟೋ ವರ್ಷವಾದರೂ ನಾನು ನೋಡಿರಲಿಲ್ಲ. ಇಂಥ ಮೀಸೆಯನ್ನು ಅವರು ಒಂದು ಸಿಂಹದ ಮೇಲೆ ಪಣಕ್ಕಿಟ್ಟರು.

ಅದಕ್ಕೆ ಕಾರಣ ಮೋಹನದಾಸ್. ಯಾರ್ಡಿನ ಗೇಟಿನ ಎದುರು ಹೋಟೆಲು ಇಟ್ಟವರು. ಉಡುಪಿ ಕಡೆಯವರು. ದಪ್ಪ ಮನುಷ್ಯ, ನುಣ್ಣನೆ ಮುಖ. ನಮ್ಮವರ ಲೆಕ್ಕದಲ್ಲಿ ಎಂಬತ್ತಾರು ಕಿಲೋ, ಅದರಲ್ಲಿ ಆರು ಕಿಲೋ ಮಾತು. ನವರಾತ್ರಿ ಬಂತೆಂದರೆ ಮೈಗೆಲ್ಲ ಹಳದಿ ಕಪ್ಪು ಬಣ್ಣ ಬಳಿದುಕೊಂಡು ಹುಲಿ ವೇಷ ಹಾಕುತ್ತಿದ್ದರು. ಗಲ್ಲೆಯಲ್ಲಿ ಕೂತು ಬಿಲ್ಲು ಹರಿಯುವವರು ಅಷ್ಟು ದಿನ ಹುಲಿ. ಗಿರಾಕಿ ಚಟ್ನಿ ಕೇಳಿದರೆ ಗುರ್ ಅನ್ನುತ್ತಿದ್ದರು. ಇಬ್ಬರಿಗೂ ದಿನಾ ಚಹಾ ಜೊತೆ ಜಗಳ ಬೇಕು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರಿಗೆ ಚಹಾ ಸಪ್ಪೆ.

ತೊಂಬತ್ನಾಲ್ಕರ ಹೊಸ ವರ್ಷಕ್ಕೆ ಮೋಹನದಾಸ್ ಹೋಟೆಲಿನ ಕ್ಯಾಲೆಂಡರ್ ಹಿಡಿದು ಬಿಬವೇವಾಡಿಯ ನಮ್ಮ ಖೋಲಿಗೆ ಬಂದರು. ಅದರಲ್ಲಿ ದೇವಿ ಹುಲಿಯ ಮೇಲೆ ಕೂತಿದ್ದಳು. ನಮ್ಮ ಗೋಡೆಯಲ್ಲಿ ಬನಶಂಕರಿ, ನಮ್ಮ ಮನೆದೇವರು, ಸಿಂಹದ ಮೇಲೆ ಕೂತಿದ್ದಾಳೆ. ನಮ್ಮವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು.

"ಇದೇನೋ ಮೋಹನಾ, ನಿನ್ನ ಹೋಟೆಲಿಗೆ ಬರೂದರಾಗ ತಾಯಿ ಗಾಡಿ ಬದಲ ಮಾಡ್ಯಾಳಲ್ಲ."

"ಬೇಗ ಬರಬೇಕಿತ್ತು ಮಾರಾಯ. ಸಿಂಹದ ಮೇಲೆ ಕೂತ್ರೆ ಸಂಜೆಗೆ ಮುಟ್ಟುದಿಲ್ಲ. ಅದು ದಾರಿಯಲ್ಲಿ ಮಲಗ್ತದೆ."

"ಸಿಂಹ ಕಾಡಿನ ರಾಜಾ."

"ರಾಜ ಅಲ್ವಾ, ಅದಕ್ಕೇ ಮಲಗುದು. ಕೆಲಸ ಮಾಡುದು ಹುಲಿ."

"ನಿನ್ನ ಹುಲಿ ಸಿಂಹದ ಒಂದ ಏಟಿಗೆ ಉಳೀತದೇನು?"

"ಏಟು ಕೊಡ್ಲಿಕ್ಕೆ ಸಿಂಹ ಮೂರು ಕಾಲಲ್ಲಿ ನಿಲ್ತದೆ. ಹುಲಿ ಹಿಂದಿನ ಎರಡು ಕಾಲಲ್ಲಿ ಎದ್ದು ಎರಡೂ ಕೈಯಲ್ಲಿ ಹೊಡೀತದೆ. ಗೊತ್ತುಂಟಾ?"

ಇವರಿಗೆ ಗೊತ್ತಿರಲಿಲ್ಲ. ಮೋಹನದಾಸರಿಗೂ ಗೊತ್ತಿತ್ತೋ ಇಲ್ಲವೋ. ಅವರು ಕಂಡ ಹುಲಿ ಅವರೇ. ಮಾತು ಏರಿತು. ನಾನು ಉಪ್ಪಿಟ್ಟು ಕೊಟ್ಟೆ, ತಿಂದು ಮತ್ತೆ ಶುರು ಮಾಡಿದರು.

ಕೊನೆಗೆ ನಮ್ಮವರು ಹೆಗಲ ಮೇಲಿನ ಟವೆಲು ತೆಗೆದರು. ಯಾರ್ಡಿನಲ್ಲಿ ಹಳೆಯ ವ್ಯಾಪಾರಿಗಳದ್ದು ಒಂದು ಪದ್ಧತಿ. ಇಬ್ಬರೂ ಕೈ ಹಿಡಿದು ಮೇಲೆ ಟವೆಲು ಹಾಕುತ್ತಾರೆ. ಟವೆಲಿನ ಕೆಳಗೆ ಬೆರಳು ಒತ್ತಿ ರೇಟು ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದಿಲ್ಲ. ಆ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ, ಆಮೇಲೆ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಇದನ್ನು ಮೋಹನದಾಸರಿಗೆ ಕಲಿಸಿದವರೇ ನಮ್ಮವರು.

"ತೂಕದಾಗ ಹುಲಿ ಗೆದ್ರ ನನ್ನ ಮೀಸಿ ಬೋಳಸ್ತೀನಿ. ಸಿಂಹ ಗೆದ್ರ ನೀ ನವರಾತ್ರ್ಯಾಗ ಸಿಂಹದ ವೇಷ ಹಾಕಬೇಕು. ಆಗೂದಾ?"

"ಆಯಿತು. ಅಕ್ಕ ಸಾಕ್ಷಿ."

"ನನ್ನ ಯಾಕ ನಡಬರಕ ತರ್ತೀರಿ?" ಅಂದೆ. ಅಷ್ಟರಲ್ಲಿ ಟವೆಲು ಬಿದ್ದಾಗಿತ್ತು.

ಆ ಇಡೀ ರಾತ್ರಿ ನನಗೆ ಒಂದೇ ಯೋಚನೆ. ಮೀಸೆ ಹೋದರೆ ಇವರು ಹೇಗೆ ಕಾಣುತ್ತಾರೆ? ಮೂಗು ಒಂದೇ ನಿಲ್ಲುತ್ತದೆ. ದಂಡಿ ಇಲ್ಲದ ಮುಳ್ಳು.

ಯಾರ್ಡಿಗೆ ರಜೆ ಇದ್ದ ದಿನ ಪೇಶ್ವೆ ಪಾರ್ಕಿಗೆ ಹೋದೆವು. ಆಗ ಪ್ರಾಣಿಗಳನ್ನು ಅಲ್ಲೇ ಇಟ್ಟಿದ್ದರು. ನಾವಿಬ್ಬರು, ಮಗಳು ನೀತಾ, ಮೋಹನದಾಸ್. ಶೇಂಗಾ ಪುಡಿಕೆ ಹಿಡಿದು ಸಿಂಹದ ಪಂಜರದ ಮುಂದೆ ನಿಂತೆವು. ಸಿಂಹ ಅಂಗಾತ ಮಲಗಿತ್ತು. ನಾಲ್ಕೂ ಕಾಲು ಮೇಲೆ. ಬಾಯಿ ತೆರೆದಿತ್ತು.

"ನಿಮ್ಮ ರಾಜ ದರ್ಬಾರು ಮಾಡ್ತಾ ಇದ್ದಾರೆ," ಅಂದರು ಮೋಹನದಾಸ್.

ನಮ್ಮವರು ಕಣ್ಣು ಸಣ್ಣ ಮಾಡಿದ್ದರು. ತೂಗುತ್ತಿದ್ದರು. "ಒಂದು ಕ್ವಿಂಟಲ್ ಎಂಬತ್ತೈದು," ಅಂದರು.

"ಜೂಲು ಕಳೆದಾ?"

"ಜೂಲು ಯಾಕ ಕಳೀಬೇಕು?"

"ಅದು ಬಾರದಾನ ಅಲ್ವಾ? ಅದರಲ್ಲಿ ಮಾಲು ಎಂತ ಉಂಟು? ಬರೀ ಕೂದಲು."

ಅಲ್ಲಿ ನಮ್ಮವರು ಸಿಕ್ಕಿಬಿದ್ದರು. ಸೀರೆ ಕಳೆದವರು ಜೂಲು ಕಳೆಯದೆ ಬಿಡುವುದು ಹೇಗೆ? ಪಂಜರದ ಮುಂದಿನ ಕಂಬಿ ಹಿಡಿದು ಬಗ್ಗಿ ಜೂಲನ್ನೇ ನೋಡಿದರು. ಆಮೇಲೆ, "ಜೂಲು ಕುತ್ತಿಗಿ ಕಾಯ್ತದ. ಹುಲಿ ಬಾಯಿ ಹಾಕಿದ್ರ ಬಾಯಿ ತುಂಬ ಕೂದಲಾ ಬರತದ, ಕುತ್ತಿಗಿ ಸಿಗೂದಿಲ್ಲ. ಕೆಲಸ ಮಾಡೂದು ಬಾರದಾನ ಅಲ್ಲ," ಅಂದರು.

"ಚೀಲ ಕೂಡ ಬೆಲ್ಲ ಕಾಯ್ತದೆ. ಅದನ್ನು ಕಳೀತಿ."

ನಮ್ಮವರು ಸಿಂಹದ ತೂಕದಲ್ಲಿ ಎರಡು ಕಿಲೋ ಕಳೆದರು. ಅವರ ಮುಖ ನೋಡಿದರೆ ತಮ್ಮದೇ ಮೈಯಿಂದ ಕೊಯ್ದು ಕೊಟ್ಟ ಹಾಗಿತ್ತು.

ಅಷ್ಟರಲ್ಲಿ ಸಿಂಹ ಎದ್ದು ಒಮ್ಮೆ ಕೂಗಿತು. ನೆಲ ಅದುರಿತು. ನನ್ನ ಕೈಯಲ್ಲಿದ್ದ ಶೇಂಗಾ ಚೆಲ್ಲಿದವು. ನೀತಾ ನನ್ನ ಸೀರೆಯೊಳಗೆ ಹೊಕ್ಕಳು. ಮೋಹನದಾಸ್ ನಾಲ್ಕು ಹೆಜ್ಜೆ ಹಿಂದೆ ಹೋಗಿ ಐಸ್‌ಕ್ರೀಮಿನ ಗಾಡಿಗೆ ಬಡಿದರು.

"ಯಾಕೋ, ಹುಲಿ ಹಿಂದಕ ಸರೀತು?" ಅಂದರು ನಮ್ಮವರು. ಮೀಸೆಯ ತುದಿ ತಿರುವಿದರು.

"ಧ್ವನಿಯನ್ನು ಕಾಟಾದಲ್ಲಿ ಹಾಕ್ಲಿಕ್ಕೆ ಆಗುದಿಲ್ಲ," ಅಂದರು ಮೋಹನದಾಸ್, ಅಂಗಿ ಝಾಡಿಸಿಕೊಂಡು. "ಬಾ, ನನ್ನದನ್ನು ನೋಡು."

ಹುಲಿ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿತ್ತು. ಸಿಂಹ ನೀರು ಕಂಡರೆ ಸರಿಯುತ್ತದೆ, ಹುಲಿ ಹೊಳೆ ಈಜುತ್ತದೆ ಅಂತ ಮೋಹನದಾಸ್ ಹೇಳುತ್ತಲೇ ಇದ್ದರು. ಆಗ ಹುಲಿ ಎದ್ದಿತು. ನೀರು ಸುರಿಸುತ್ತ ಕಟ್ಟೆಯ ಮೇಲೆ ಕಾಲಿಟ್ಟು ಒಂದೇ ಸಲ ಮೇಲೆ ಬಂತು. ಜಿಗಿಯಲೇ ಇಲ್ಲ, ಸುಮ್ಮನೆ ಬಂದುಬಿಟ್ಟಿತು. ಹಿಂಗಾಲು ನೋಡಿದೆ. ನಮ್ಮ ಓಣಿಯ ಗಿರಣಿಯ ಕಂಬ.

ನಮ್ಮವರು ಕಣ್ಣು ಸಣ್ಣ ಮಾಡಿದರು. ಆಮೇಲೆ ದೊಡ್ಡದು ಮಾಡಿದರು.

"ಎಷ್ಟು?" ಅಂದರು ಮೋಹನದಾಸ್.

ಇವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಎಷ್ಟು ಮಾರಾಯ?"

"ಒದ್ದಿ ಮಾಲು ತೂಗೂದಿಲ್ಲ," ಅಂದರು. "ಯಾರ್ಡಿನ ಕಾಯ್ದೆ. ಒಣಗಿದ ಮ್ಯಾಲ ಬಾ ಅನ್ನು."

ಅದು ಒಣಗುವವರೆಗೆ ನಾವು ನಿಲ್ಲಲಿಲ್ಲ. ನೀತಾಗೆ ಹಸಿವಾಗಿದೆ ಅಂತ ಇವರೇ ಹೊರಡಿಸಿದರು. ನೀತಾ ಆಗಷ್ಟೇ ಎರಡು ವಡಾಪಾವ್ ತಿಂದಿದ್ದಳು.

ಮನೆಗೆ ಬಂದು ಕೇಳಿದೆ. "ಖರೇ ಹೇಳ್ರಿ. ಎಷ್ಟಿತ್ತು?"

"ಹೇಳೀನಲ್ಲ. ಒದ್ದಿ ಇತ್ತು."

"ನಿಮಗ ಮಳ್ಯಾಗ ತೊಯ್ದ ಎಮ್ಮಿ ತೂಕ ತಿಳೀತದ. ಹುಲೀದು ತಿಳೀಲಿಲ್ಲ?"

"ಎಮ್ಮಿ ಮ್ಯಾಲ ನಾ ಮೀಸಿ ಕಟ್ಟಿಲ್ಲ," ಅಂದು ಊಟಕ್ಕೆ ಕೂತರು.

ಆಮೇಲೆ ಇದೇ ನಮ್ಮ ಮನೆಯ ಸಂಗತಿಯಾಯಿತು. ಬೇರೆಯವರ ಮನೆಯಲ್ಲಿ ಸಾಸಿವೆಯ ಒಗ್ಗರಣೆ, ನಮ್ಮ ಮನೆಯಲ್ಲಿ ಹುಲಿ ಸಿಂಹದ್ದು. ಮೋಹನದಾಸ್ ಬಂದರೆ ಅವರ ಹೆಂಡತಿ ಪ್ರಫುಲ್ಲಾ ಕೂಡ ಬರುತ್ತಿದ್ದಳು. ಒಮ್ಮೆ ನಮ್ಮವರು ಸಿಂಹ ಹಿಂಡು ಕಟ್ಟಿ ಬಾಳುತ್ತದೆ, ಗಂಡು ಸಿಂಹ ಬೇರೆ ಗಂಡುಗಳ ಜೊತೆ ಹೋರಾಡಿ ಹೋರಾಡಿ ಗಟ್ಟಿಯಾಗುತ್ತದೆ, ಹುಲಿ ಒಂಟಿ, ಅದಕ್ಕೆ ಜಗಳದ ರೂಢಿ ಇಲ್ಲ ಅಂದರು.

"ಹಾಗಾದರೆ ಬೇಟೆ ಯಾರು ಮಾಡುದು?" ಅಂದಳು ಪ್ರಫುಲ್ಲಾ. ಅವಳು ಎಲ್ಲೋ ಓದಿದ್ದಳು. "ಹೆಣ್ಣು ಸಿಂಹ ಹೆಚ್ಚು ಮಾಡುದು. ಗಂಡಿನದ್ದು ಮೊದಲು ತಿನ್ನುದು."

"ಹಂಗಾರ ನಮ್ಮನ್ಯಾಗೂ ಸಿಂಹಾನ ಅದ," ಅಂದೆ ನಾನು.

ಮೋಹನದಾಸ್ ನಕ್ಕು ಕೆಮ್ಮಿದರು. ನಮ್ಮವರು, "ನೀನೂ ಅವರ ಕಡೆ ಹೋದೇನು?" ಅಂದರು. ಎರಡು ದಿನ ರೊಟ್ಟಿ ತಾವೇ ಬಡಿಸಿಕೊಂಡರು. ಮಾಡಿದ್ದು ನಾನೇ.

ತೊಂಬತ್ತಾರರ ನವರಾತ್ರಿ. ಮೋಹನದಾಸರ ಊರಿನವರೆಲ್ಲ ಸೇರಿ ಒಂದು ಹಾಲ್‌ನಲ್ಲಿ ಪೂಜೆ ಇಟ್ಟಿದ್ದರು. ಅವರ ಹುಲಿ ವೇಷದಲ್ಲಿ ಒಂದು ಪರೀಕ್ಷೆ ಇರುತ್ತದೆ. ಹುಲ್ಲಿನ ಹಗ್ಗದಿಂದ ಗುಂಡಗೆ ಕಟ್ಟಿದ ಅಕ್ಕಿಯ ಮುಡಿ. ಹುಲಿಯಾದವನು ಕುಣಿಯುತ್ತ ಬಂದು ಬಗ್ಗಿ ಅದನ್ನು ಹಲ್ಲಿನಿಂದ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಒಗೆಯಬೇಕು. ಊರಿಂದ ಬಸ್ಸಿನ ಮೇಲೆ ಮುಡಿ ತರಿಸಿದ್ದರು. ತಾಸೆ ಬಡಿದರು. ಮೋಹನದಾಸ್ ಎತ್ತಿ ಒಗೆದರು. ಜನ ಸೀಟಿ ಹೊಡೆದರು.

"ನೋಡಿದ್ಯಾ? ಹುಲಿ ತನಗಿಂತ ದೊಡ್ಡ ಕೋಣವನ್ನು ಹೀಗೇ ಕಚ್ಚಿ ಎಳೀತದೆ. ನಿನ್ನ ಸಿಂಹಕ್ಕೆ ಆಗ್ತದಾ?" ಅಂದರು. ಮೂತಿಯಿಂದ ಹಳದಿ ಬಣ್ಣ ಸುರಿಯುತ್ತಿತ್ತು.

ನಮ್ಮವರು ಮುಡಿಯ ಹತ್ತಿರ ಹೋಗಿ ಕೂತರು. ಕೈಯಿಂದ ಒಮ್ಮೆ ಅಲುಗಿಸಿದರು. "ಇಪ್ಪತ್ತೆಂಟು ಕಿಲೋ. ಹುಲ್ಲು ಕಳದು ಇಪ್ಪತ್ತಾರು. ನೀವು ಮೈಕಿನಾಗ ನಲವತ್ತು ಅಂದ್ರಿ."

ಮೈಕು ಹಿಡಿದವನು ಅದನ್ನು ಬೆನ್ನ ಹಿಂದೆ ಮಾಡಿದ. ಆಮೇಲೆ ಯಾರೋ, "ಬಾಯಲ್ಲಿ ತೂಗುದು ಸುಲಭ. ಹಲ್ಲಲ್ಲಿ ಎತ್ತಿ ತೋರಿಸಿ," ಅಂದರು.

ನಾನು ಬೇಡ ಅಂದೆ. ಇವರು ಧೋತರದ ಕಚ್ಚೆ ಬಿಗಿ ಮಾಡಿದರು. ಬನಶಂಕರಿಯ ಹೆಸರು ಹೇಳಿ ಬಗ್ಗಿ ಕಚ್ಚಿದರು. ಮುಡಿ ಏಳಲಿಲ್ಲ. ಇವರು ಎದ್ದರು. ಹಲ್ಲೊಂದು ಮುಡಿಯಲ್ಲೇ ಉಳಿಯಿತು.

ಮೋಹನದಾಸರೇ ಓಡಿ ಬಂದರು. ತಮ್ಮ ಹುಲಿ ಬಾಲದಿಂದ ಇವರ ಬಾಯಿ ಒರೆಸಿದರು. ಇವರ ಮೀಸೆಯ ಅರ್ಧ ಹಳದಿಯಾಯಿತು.

"ಮೀಸಿ ಹೋತೇನ್ರಿ?" ಅಂತ ನಾನು ಗಾಬರಿಯಿಂದ ಕೇಳಿದೆ.

"ಹಲ್ಲು ಕರಾರಿನಾಗ ಇರಲಿಲ್ಲ," ಅಂದರು ಇವರು, ಬಾಯಿ ಮುಚ್ಚಿಕೊಂಡೇ. "ನಾ ಸಿಂಹ ಅಲ್ಲ. ನಾ ಸಿಂಹದ ಕಡ್ಯಾವ."

ಅದನ್ನು ಮೋಹನದಾಸ್ ಒಪ್ಪಿದರು. ಅವರಿಗೂ ಮುಡಿಯ ವಿಷಯ ಮುಗಿದರೆ ಸಾಕಾಗಿತ್ತು. ಮರುವರ್ಷ ನಲವತ್ತರ ಮುಡಿ ತರಿಸಿದರು. ತರಿಸಿ ಮೊದಲು ನಮ್ಮವರ ಕಾಟಾದ ಮೇಲೆ ಇಟ್ಟರು. ಅದನ್ನೂ ಒಗೆದರು. ಒಂದು ವಾರ ಕುತ್ತಿಗೆ ತಿರುಗಲಿಲ್ಲ. ಗಲ್ಲೆಯಲ್ಲಿ ಕೂತು ಗಿರಾಕಿಯ ಕಡೆಗೆ ಇಡೀ ಮೈ ತಿರುಗಿಸುತ್ತಿದ್ದರು.

ನಂತರ ಮನೆಗೆ ಕೇಬಲ್ಲು ಬಂತು. ಎರಡು ಸಾವಿರದ ಮೂರೋ ನಾಲ್ಕೋ. ಪ್ರಾಣಿಗಳದ್ದೇ ಒಂದು ಚಾನೆಲ್ಲು ಇತ್ತು, ಹಿಂದಿಯಲ್ಲಿ. ಒಂದು ಸಂಜೆ ಅದರಲ್ಲಿ ಇದೇ ಮಾತು ಬಂತು. ಮೋಹನದಾಸರಿಗೆ ಫೋನು ಹೋಯಿತು. ಅವರು ಸ್ಕೂಟರ್ ಹತ್ತಿ ಬಂದರು. ಹೆಲ್ಮೆಟ್ ತೆಗೆಯದೆ ಕೂತರು.

ಟಿವಿಯವನು ಎಲ್ಲ ಹೇಳಿದ. ಓಟದಲ್ಲಿ ಎರಡೂ ಹೆಚ್ಚು ಕಡಿಮೆ ಸಮ, ಎರಡಕ್ಕೂ ಬೇಗ ದಮ್ಮು ಹತ್ತುತ್ತದೆ. ಕೂಗುವುದರಲ್ಲಿ ಸಿಂಹ. ನಮ್ಮವರು ತೊಡೆ ತಟ್ಟಿದರು. ಈಜುವುದರಲ್ಲಿ ಹುಲಿ. ಹೆಲ್ಮೆಟ್ ಅಲ್ಲಾಡಿತು. ಗುಂಪಿನಲ್ಲಿ ಹೋರಾಡುವುದರಲ್ಲಿ ಸಿಂಹ. ಹಿಂಗಾಲಿನ ಬಲದಲ್ಲಿ ಹುಲಿ. ಹಾಗೆ ಒಂದಕ್ಕೊಂದು ತೂಗುತ್ತ ಬಂತು. ಕೊನೆಗೆ ತೂಕ. ಸಿಂಹ ಒಂದು ಕ್ವಿಂಟಲ್ ತೊಂಬತ್ತು, ದೊಡ್ಡ ಹುಲಿ ಎರಡು ಕ್ವಿಂಟಲ್ ಇಪ್ಪತ್ತು.

ಮೋಹನದಾಸ್ ಹೆಲ್ಮೆಟ್ ತೆಗೆದರು. "ಅಕ್ಕ, ಕತ್ತರಿ ಎಲ್ಲಿ ಉಂಟು?"

ನಾನು ಕತ್ತರಿಯನ್ನು ಸೆರಗಿನೊಳಗೆ ಮುಚ್ಚಿದೆ. ನಮ್ಮವರು ಮಾತ್ರ ಕದಲಲಿಲ್ಲ.

"ಯಾವ ಕಾಟಾ?"

"ಎಂತ?"

"ಯಾವ ಕಾಟಾದ ಮ್ಯಾಲ ತೂಗ್ಯಾರ? ಸರಕಾರಿ ಮುದ್ರಿ ಅದ ಏನು? ಮುದ್ರಿ ಹೊಡದು ಎಷ್ಟು ವರ್ಷ ಆತು? ಹುಲಿ ಊಟ ಮಾಡಿತ್ತೋ, ಉಪಾಸ ಇತ್ತೋ? ನಾ ನೋಡದ ತೂಕಕ್ಕ ಸಹಿ ಹಾಕೂದಿಲ್ಲ."

"ಟಿವಿ ಸುಳ್ಳು ಹೇಳ್ತದಾ?"

"ಮೈಕು ಹೇಳಿತ್ತಲ್ಲ, ನಲವತ್ತು ಅಂತ."

ಮೋಹನದಾಸ್ ಮತ್ತೆ ಹೆಲ್ಮೆಟ್ ಹಾಕಿಕೊಂಡು ಹೋದರು. ಮೂರು ದಿನ ನಮ್ಮವರ ಚಹಾಕ್ಕೆ ಸಕ್ಕರೆ ಹಾಕಿಸಲಿಲ್ಲ.

ಅವರು ಹೋದ ಮೇಲೆ ಇವರು ಕನ್ನಡಿ ಮುಂದೆ ನಿಂತರು. ಒಂದು ಕೈಯಿಂದ ಮೀಸೆ ಮುಚ್ಚಿ ನೋಡಿಕೊಂಡರು. ಕೈ ತೆಗೆದರು. ಮತ್ತೆ ಮುಚ್ಚಿದರು.

"ಹೆಂಗ ಕಾಣ್ತೀನಿ?" ಅಂದರು.

"ಕೈ ಕಾಣ್ತದ," ಅಂದೆ.

ಅವರು ನಗಲಿಲ್ಲ. "ಆ ಹುಲಿ ಒದ್ದಿ ಇತ್ತು," ಅಂದರು. ಅದನ್ನು ನನಗೆ ಹೇಳಿದರೋ ಕನ್ನಡಿಗೆ ಹೇಳಿದರೋ.

ಎರಡು ಸಾವಿರದ ಏಳು. ಶ್ರಾವಣ ಇನ್ನೂ ಮುಗಿದಿರಲಿಲ್ಲ. ಕಾಟಾದ ಹತ್ತಿರ ನಿಂತವರು ಹಾಗೇ ಕೂತರಂತೆ. ಬೆವರು, ಎದೆನೋವು. ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ತಂದರು. ನಾನು ಹೋಗುವಷ್ಟರಲ್ಲಿ ಮೂಗು ಬಾಯಿಗೆ ಗಾಳಿಯ ಮಾಸ್ಕು ಕಟ್ಟಿದ್ದರು. ಉಸಿರಿಗೆ ಬಹಳ ತ್ರಾಸು. ಆದರೆ ಎಚ್ಚರ ಇತ್ತು.

ಮಾಸ್ಕು ಕೂಡುತ್ತಿರಲಿಲ್ಲ. ಮೀಸೆಯ ಎರಡೂ ಕಡೆಯಿಂದ ಗಾಳಿ ಸೋರಿ ಮಿಷನ್ನು ಕೂಗುತ್ತಿತ್ತು. ನರ್ಸು ಹುಡುಗಿ ಟ್ರೇಯಲ್ಲಿ ರೇಜರ್ ತಂದಳು.

"ಕಾಕಾ, ಮಿಶಿ ಕಾಢಾವಿ ಲಾಗೇಲ," ಅಂದಳು. ಮೀಸೆ ತೆಗೆಯಬೇಕು.

ಇವರು ಒಂದು ಕೈಯಿಂದ ಮೀಸೆ ಹಿಡಿದುಕೊಂಡರು. ಇನ್ನೊಂದು ಕೈಗೆ ಸಲಾಯಿನ್ ಇತ್ತು.

"ಬಿಡ್ರಿ," ಅಂದೆ. "ಉಸಿರು ದೊಡ್ಡದೋ ಮೀಸಿ ದೊಡ್ಡದೋ?"

ಮಾಸ್ಕಿನ ಒಳಗಿಂದ ಮಾತು ಬಂತು. "ಮೀಸಿ ತಗದ್ರ ಹುಲಿ ಗೆದ್ದಂಗ. ಮೋಹನನ್ನ ಕರಿ."

ಡಾಕ್ಟರು ಬಂದರು. ಯಾವ ಹುಲಿ ಅಂತ ಕೇಳಿದರು. ನಾನು ಮರಾಠಿಯಲ್ಲಿ ಹೇಳಲು ನೋಡಿದೆ. ಹುಲಿ, ಸಿಂಹ, ಬೆಟ್ಟು ಕಟ್ಟಿದ ಮೀಸೆ, ಹೋಟೆಲು. ಡಾಕ್ಟರು ನರ್ಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ತಲೆಗೂ ಏನೋ ಆಗಿದೆ ಅಂತ ತಿಳಿದಿರಬೇಕು. ನಾನು ಸಿಟ್ಟಿನಿಂದ, "ತಲಿ ಬರೋಬರ್ ಅದ್ರಿ. ಮೊದಲಿಂದಾನೂ ಹಿಂಗ ಅದ," ಅಂದೆ. ಕನ್ನಡದಲ್ಲೇ ಅಂದೆ.

ಮೋಹನದಾಸ್ ಬಂದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಕೈಗೆ ದೋಸೆ ಹಿಟ್ಟು ಮೆತ್ತಿತ್ತು. ಸಂಗತಿ ಕೇಳಿದರು. ಮಂಚದ ಹತ್ತಿರ ನಿಂತು ಡಾಕ್ಟರಿಗೆ, ನರ್ಸಿಗೆ, ಪಕ್ಕದ ಮಂಚದವರಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅವ್ವಣ್ಣ, ಇದು ಲೆಕ್ಕಕ್ಕಿಲ್ಲ. ಆಯಿತಾ? ಇದು ಡಾಕ್ಟರು ತೆಗೆದದ್ದು, ಹುಲಿ ತೆಗೆದದ್ದಲ್ಲ. ಬೆಟ್ಟು ಹಾಗೇ ಉಂಟು. ಮೀಸೆ ಬೆಳೀಲಿ, ಮತ್ತೆ ನೋಡುವ."

ಇವರು ಮೋಹನದಾಸರನ್ನೇ ನೋಡಿದರು. ಮೀಸೆ ಹಿಡಿದ ಕೈ ಬಿಟ್ಟು, ನನ್ನ ಹೆಗಲ ಮೇಲಿದ್ದ ತಮ್ಮ ಟವೆಲಿನ ಕಡೆ ಬೆರಳು ಮಾಡಿದರು. ಕೊಟ್ಟೆ. ಮೋಹನದಾಸ್ ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಇವರ ಕೈ ಹಿಡಿದರು. ನಾನೇ ಮೇಲೆ ಟವೆಲು ಹಾಕಿದೆ.

ಟವೆಲು ಸ್ವಲ್ಪ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಮೋಹನದಾಸರ ಮುಖ ನೋಡುತ್ತಿದ್ದೆ. ಮೊದಲು ಅವರಿಗೆ ತಿಳಿಯಲಿಲ್ಲ. ತಿಳಿದ ಕೂಡಲೇ ತಲೆ ಬಗ್ಗಿಸಿದರು. ಗೆದ್ದವರು ಬಗ್ಗಿಸುವ ತಲೆಯಲ್ಲ.

ಇವರು ಕೈ ಬಿಡಿಸಿಕೊಂಡರು. ನರ್ಸಿನ ಕಡೆ ತಿರುಗಿ ಗದ್ದ ಮೇಲೆತ್ತಿದರು. ತೆಗಿ ಅಂತ.

ಟವೆಲಿನ ಕೆಳಗಿನದ್ದನ್ನು ಮೋಹನದಾಸ್ ಇಂದಿಗೂ ನನಗೆ ಹೇಳಿಲ್ಲ. ಹೇಳುವಂತೆಯೂ ಇಲ್ಲ. ನನಗೆ ಹೇಳಬೇಕಾಗಿಯೂ ಇಲ್ಲ. ಅಷ್ಟು ವರ್ಷ ಅವರ ರೊಟ್ಟಿ ಬಡಿದಿದ್ದೇನೆ. ಅದು ಆ ಹುಲಿಯ ತೂಕ. ಪೇಶ್ವೆ ಪಾರ್ಕಿನಲ್ಲಿ ಕಣ್ಣು ದೊಡ್ಡ ಮಾಡಿದ ದಿನ ಕಂಡದ್ದು. ಬೇರೆಯವರಾಗಿದ್ದರೆ ಲೆಕ್ಕಕ್ಕಿಲ್ಲ ಅಂದಾಗ ಸುಮ್ಮನೆ ಮೀಸೆ ಕೊಟ್ಟು ಮಾನ ಉಳಿಸಿಕೊಳ್ಳುತ್ತಿದ್ದರು. ಇವರು ತೋಲಾರ್. ಪುಕ್ಕಟೆ ತೂಕ ತೆಗೆದುಕೊಳ್ಳುವವರಲ್ಲ. ತೂಕ ಹೇಳಿ, ಆಮೇಲೆ ಮೀಸೆ ಕೊಟ್ಟರು.

ಮೇಲಿನ ತುಟಿ ನೋಡಿದೆ. ಬೆಳ್ಳಗೆ ಇತ್ತು, ಸಣ್ಣ ಹುಡುಗರ ತುಟಿಯ ಹಾಗೆ. ಎಡಕ್ಕೆ ಒಂದು ಕಪ್ಪು ಮಚ್ಚೆ ಇತ್ತು. ನನ್ನ ಗಂಡನ ಮೈಮೇಲೆ ನನಗೆ ಗೊತ್ತಿಲ್ಲದ ಮಚ್ಚೆ.

"ಈಗ ಹೆಂಗ ಕಾಣ್ತೀನಿ?" ಅಂತ ಕಣ್ಣಲ್ಲೇ ಕೇಳಿದರು.

"ಮಾಸ್ಕು ಕಾಣ್ತದ," ಅಂದೆ.

ಆ ಸಲ ನಕ್ಕರು. ಮಾಸ್ಕಿನೊಳಗೆ ಮಂಜು ಕಟ್ಟಿತು. ಮರುದಿನ ಮುಂಜಾನೆ ತೀರಿಕೊಂಡರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಆನಿಸಿ. ಖೋಲಿಯ ಮುಂದಿನ ಪಡಸಾಲೆಯಲ್ಲಿ ಇವರನ್ನು ಕೂಡಿಸಿದರು. ಯಾರ್ಡಿನವರೆಲ್ಲ ಬಂದರು. ಬಂದವರು ಮೊದಲು ಕೈ ಮುಗಿಯುತ್ತಿದ್ದರು, ಆಮೇಲೆ ಮುಖ ನೋಡಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಬೆಟ್ಟಿನ ಸುದ್ದಿ ಇಡೀ ಯಾರ್ಡಿಗೆ ಗೊತ್ತಿತ್ತು. ಒಬ್ಬ ಹಮಾಲ, "ಹುಲಿ ಗೆದ್ದಿತೇನೋ," ಅಂದದ್ದು ನನ್ನ ಕಿವಿಗೆ ಬಿತ್ತು.

ಆಗ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬಂದಿರಲಿಲ್ಲ. ಸತ್ತದ್ದಕ್ಕೆ ಬೇರೆ ಅಳು ಇತ್ತು, ಅದು ಆಮೇಲೆ ಬಂತು, ಈಗಲೂ ಬರುತ್ತದೆ. ಇದು ಮೀಸೆಯದ್ದು. ಇಷ್ಟು ಮಂದಿಯ ಮುಂದೆ ಬರಿ ತುಟಿಯಲ್ಲಿ ಕೂತಿದ್ದರು. ಬರಿ ತುಟಿಯಲ್ಲೇ ಮಣ್ಣಿಗೆ ಹೋಗಬೇಕು.

ಮೋಹನದಾಸ್ ಒಂದು ತಗಡಿನ ಡಬ್ಬಿ ಹಿಡಿದು ಒಳಗೆ ಬಂದರು. ಅದು ಅವರ ಹುಲಿ ವೇಷದ ಬಣ್ಣದ ಡಬ್ಬಿ. ಯಾರನ್ನೂ ಕೇಳಲಿಲ್ಲ. ಇವರ ಮುಂದೆ ಮಂಡಿಯೂರಿ ಕೂತರು. ಡಬ್ಬಿ ತೆರೆದರು. ಗಡಿಬಿಡಿಯಲ್ಲಿ ಮೊದಲು ಹಳದಿಗೆ ಕುಂಚ ಅದ್ದಿದರು.

"ಹಳದಿ ಬ್ಯಾಡ್ರಿ," ಅಂದೆ. "ಆ ಕಡೆ ಹೋದಂಗ ಆಗತದ."

"ಹೌದು ಅಕ್ಕ," ಅಂದು ಕುಂಚ ಒರೆಸಿ ಕಪ್ಪಿಗೆ ಅದ್ದಿದರು.

ಭಜನೆಯವರು ನಿಲ್ಲಿಸಿದರು. ನಮ್ಮ ಹಿರಿಯರೊಬ್ಬರು, "ಇದೇನ್ರಿ ಇದು, ಪದ್ಧತಿ ಅಲ್ಲ," ಅಂದರು.

"ಮೀಸಿ ಇಲ್ಲದ ಹೋಗೂದೂ ಅವರ ಪದ್ಧತಿ ಅಲ್ಲ," ಅಂದೆ.

ಮೋಹನದಾಸರದ್ದು ತಮ್ಮ ಮೈಮೇಲೆ ಪಟ್ಟೆ ಬರೆದುಕೊಂಡ ಕೈ, ಚೆನ್ನಾಗಿಯೇ ಬರೆಯಿತು. ಬಲಗಡೆ ಆಯಿತು. ಎಡಗಡೆ ಆಯಿತು. ಹಿಂದೆ ಸರಿದು ನೋಡಿದರು.

"ಮೋಹನಣ್ಣಾರ," ಅಂದೆ, ಮೆಲ್ಲಗೆ. "ಇದು ಕರಾರು ಮುರದಂಗ ಅಲ್ಲೇನ್ರಿ? ಅವರು ಕೊಟ್ಟಾರ."

"ಅವ ಕೊಟ್ಟ. ನಾನು ತಗೊಳ್ಳಲಿಲ್ಲ," ಅಂದರು. "ನಾನು ಮೀಸೆ ಇಟ್ಟುಕೊಂಡು ಎಂತ ಮಾಡುದು ಅಕ್ಕ?"

ನಾನು ಇವರ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ.

"ಎಡಗಡಿ ಹೆಚ್ಚಾತು," ಅಂದೆ. "ಮುಳ್ಳು ಸರಿ ನಿಂದ್ರವಲ್ದು."

ಮೊದಲು ನಕ್ಕವನು ಆ ಹಮಾಲ. ಆಮೇಲೆ ಅಡತಿಯ ಮಾಲಕರು. ಅಳುತ್ತಿದ್ದ ನೀತಾ ಸೆರಗು ಬಾಯಿಗೆ ಇಟ್ಟುಕೊಂಡಳು. ಮೋಹನದಾಸ್ ಟವೆಲಿನ ತುದಿಯಿಂದ ಎಡಗಡೆ ಸ್ವಲ್ಪ ಒರೆಸಿದರು. ಬಲಗಡೆ ಒಂದು ಗೆರೆ ಎಳೆದರು. ನನ್ನ ಕಡೆ ನೋಡಿದರು.

"ಈಗ ಸಮ ಆತು," ಅಂದೆ.

ಹಾಗೇ ಮಣ್ಣಿಗೆ ಕೊಟ್ಟೆವು.

ಈಗ ನನ್ನ ತೂಕ ಹೇಳುವವರಿಲ್ಲ. ಇಳಿದಿದ್ದೇನೆ ಅನ್ನುತ್ತಾಳೆ ನೀತಾ. ಎಷ್ಟು ಅಂತ ಅವಳಿಗೆ ಹೇಳಲು ಬರುವುದಿಲ್ಲ. ಮೋಹನದಾಸ್ ಆ ನವರಾತ್ರಿಯಲ್ಲೂ ಹುಲಿಯಾದರು. ಮನೆಯ ಮುಂದೆ ಬಂದು ಕುಣಿದರು, ಆದರೆ ಬನಶಂಕರಿಯ ಪಟದ ಕಡೆ ತಿರುಗಿ ಗುರ್ ಅನ್ನಲಿಲ್ಲ. ಮೊದಲೆಲ್ಲ ಅನ್ನುತ್ತಿದ್ದರು.

ಯಾರ್ಡಿಗೆ ಹೋದರೆ ಜನ ಇನ್ನೂ ಕೇಳುತ್ತಾರೆ. "ವೈನಿ, ಕಡೀಕ ಯಾವುದು ದೊಡ್ಡದಾತ್ರಿ? ಹುಲಿಯೋ ಸಿಂಹೋ?"

ನಾನು ಸಿಂಹದ ಕಡೆಯವಳು. ಇಂಥ ಮಾತು ಬಂದರೆ ನನಗೆ ಕಣ್ಣು ತುಂಬುತ್ತದೆ, ಅದನ್ನು ಅವರು ನೋಡುತ್ತಾರೆ. ಸೆರಗಿನಿಂದ ಒರೆಸಿಕೊಂಡು ಹೇಳುತ್ತೇನೆ.

"ಒದ್ದಿ ಮಾಲು ತೂಗೂದಿಲ್ಲಪ್ಪಾ."